ಯಾರ ಮನೆಯೂ ಅಲ್ಲದ ಪ್ಲಾಟ್‌ಫಾರ್ಮು

ನನಗೆ ಆಗ ಅರವತ್ತೆಂಟು. ಇದು ನಡೆದು ನಾಲ್ಕು ವರ್ಷವಾಯಿತು. ಅಲ್ಲಿಯವರೆಗೆ ಹನ್ನೊಂದು ವರ್ಷ ನನ್ನ ತಂಗಿ ಗಂಗವ್ವನನ್ನು ನಾನು ರೈಲಿನ ಕಿಟಕಿಯಲ್ಲಿ ಮಾತ್ರ ನೋಡಿದ್ದೆ, ಅದೂ ವರ್ಷಕ್ಕೆ ಎರಡು ಸಲ. ನನಗೆ ತಲೆ ಕೆಟ್ಟಿತ್ತು ಎಂದು ನಿಮಗನಿಸಿದರೆ ಸರಿಯೇ. ತಂಗಿಗೂ ಅಷ್ಟೇ ಕೆಟ್ಟಿತ್ತು.

ಕಾರಣ ಒಂದು ಖಣ, ಅಂದರೆ ಕುಪ್ಪಸದ ಬಟ್ಟೆ. ನಮ್ಮ ಕಡೆ ಹೆಣ್ಣುಮಕ್ಕಳು ಮನೆಗೆ ಬಂದರೆ ಖಣ ಕೊಟ್ಟು ಉಡಿ ತುಂಬಿ ಕಳಿಸುತ್ತಾರೆ. ಹಾಗೆ ಬಂದ ಖಣವನ್ನು ಹೊಲಿಸುವವರು ಕಡಿಮೆ. ಟ್ರಂಕಿನಲ್ಲಿಟ್ಟು ಮುಂದೆ ಬಂದವರಿಗೆ ಕೊಡುತ್ತಾರೆ, ಅವರು ಮತ್ತೊಬ್ಬರಿಗೆ. ಕೆಲವು ಖಣಗಳು ನನಗಿಂತ ಹೆಚ್ಚು ಊರು ನೋಡಿವೆ. ನಾನೂ ಹೀಗೇ ಮಾಡುತ್ತೇನೆ, ನೀವೂ ಮಾಡುತ್ತೀರಿ. ಎಚ್ಚರ ಒಂದೇ: ಕೊಟ್ಟವರಿಗೇ ಹೊಳ್ಳಿ ಕೊಡಬಾರದು. ಗಂಗವ್ವ ಬಾಗಲಕೋಟೆಯ ತನ್ನ ಮನೆಯಲ್ಲಿ, ಮಗಳ ಮದುವೆಯ ದಿನ, ತುಂಬಿದ ಮಂದಿಯ ನಡುವೆ, ನಾನು ಕೊಟ್ಟಿದ್ದ ಖಣವನ್ನೇ ನನಗೆ ಕೊಟ್ಟಳು. ಹೊಸ ಬಟ್ಟೆಯೆಂದು ಮೂಲೆಗೆ ನಾನು ಅರಿಸಿನ ಹಚ್ಚಿದ್ದೆನಲ್ಲ, ನನ್ನ ಬೆರಳಿನ ಆ ಗುರುತು ಹಾಗೇ ಇತ್ತು.

ಬುದ್ಧಿ ಇದ್ದವಳು ಸುಮ್ಮನಿರುತ್ತಿದ್ದಳು. ನಾನು ಬಾಯಿ ಬಿಟ್ಟೆ.

"ಗಂಗೂ, ಇದು ನಾ ಕೊಟ್ಟ ಖಣ ಅಲ್ಲೇನ? ಮಡಿಕಿ ಸುದ್ದಾ ಬಿಚ್ಚಿಲ್ಲಲ್ಲ."

ಬೀಗರು ನಕ್ಕರು. ತಂಗಿ ನಗಲಿಲ್ಲ.

"ನಿಂದ ಐತಿ, ಒಯ್ಯಿ. ಇನ್ನ ನನ್ನ ಹೊಸ್ತಲಾ ತುಳೀಬ್ಯಾಡ."

"ತುಳದ್ರ ಕೇಳು. ನೀನೂ ನನ್ನ ಮನಿ ಕಡೆ ಬರಬ್ಯಾಡ," ಎಂದು ಖಣ ಹಿಡಿದುಕೊಂಡು ಹುಬ್ಬಳ್ಳಿಗೆ ಬಂದುಬಿಟ್ಟೆ.

ಅವಳ ಮಗಳನ್ನು ಕೊಟ್ಟದ್ದು ದಾವಣಗೆರೆಗೆ. ಬಾಗಲಕೋಟೆಯಿಂದ ಅಲ್ಲಿಗೆ ಹೋಗುವ ಗಾಡಿ ಹುಬ್ಬಳ್ಳಿಯ ಮೇಲೆಯೇ ಹೋಗಬೇಕು, ಇಲ್ಲಿ ತುಸು ಹೊತ್ತು ನಿಲ್ಲುತ್ತದೆ ಕೂಡ. ಅದೇ ವರ್ಷ ಒಂದು ದಿನ ಫೋನು ಬಂತು. "ಅಕ್ಕಾ, ನಾಳಿ ಸಂಜೀಕ ನಿಮ್ಮೂರು ದಾಟತೇನಿ. ಸ್ಟೇಶನ್ ಏನ್ ನಿನ್ನ ಮನಿ ಅಲ್ಲ, ನನ್ನ ಮನಿನೂ ಅಲ್ಲ."

ಪ್ಲಾಟ್‌ಫಾರ್ಮಿನ ಗುಣ ಅದು. ಅಲ್ಲಿ ಯಾರೂ ಬಾ ಅನ್ನಬೇಕಾಗಿಲ್ಲ, ಯಾರೂ ಉಡಿ ತುಂಬಬೇಕಾಗಿಲ್ಲ. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ರೈಲು ಡಬ್ಬಿಯ ನಂಬರು ನಾನು ಓದಿ ಮುಗಿಸುವಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಅದು ತಂಗಿಗೆ ಗೊತ್ತು. ಅದಕ್ಕೇ ಹಚ್ಚೆ ಹಾಕಿಸಿದ ಬಲಗೈಯನ್ನು ಕಿಟಕಿಯಿಂದ ಹೊರಗೆ ಹಾಕಿ ಕೂರುತ್ತಿದ್ದಳು. ಸಣ್ಣವರಿದ್ದಾಗ ಇಬ್ಬರೂ ಒಂದೇ ದಿನ ಹಾಕಿಸಿಕೊಂಡದ್ದು ಆ ಹಚ್ಚೆ. ನಾನು ಕೈ ಗುರುತು ಹಿಡಿದು ಹೋಗಿ ಬುತ್ತಿ ಕೊಡುತ್ತಿದ್ದೆ. ಸರಳಿನ ಸಂದಿಯಲ್ಲಿ ಖಡಕ್ ರೊಟ್ಟಿ ಮುರಿಯುತ್ತದೆ, ಅವಳ ಹಲ್ಲಿಗೂ ಆಗುವುದಿಲ್ಲ. ಹಾಗಾಗಿ ಮೆತ್ತನೆಯ ಬಿಸಿ ರೊಟ್ಟಿ, ನಾಲ್ಕು ಮಡಿಕೆ ಮಾಡಿ. ಜೊತೆಗೆ ಬದನೇಕಾಯಿ, ಶೇಂಗಾ ಚಟ್ನಿ. ತಪ್ಪಾಯಿತು ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. "ಹೋದ ಸಲ ಉಪ್ಪು ಹೆಚ್ಚಾಗಿತ್ತು" ಅನ್ನುತ್ತಿದ್ದಳು. ನಾನೂ ತಪ್ಪಾಯಿತು ಅನ್ನಲಿಲ್ಲ, ಉಪ್ಪು ಕಡಿಮೆ ಮಾಡಿದೆ.

ನನಗೆ ಅರವತ್ತೆಂಟಾದ ವರ್ಷ ಅವಳ ಮೊಣಕಾಲು ಪೂರಾ ಕೈಕೊಟ್ಟವು. ಬಾಗಲಕೋಟೆಯ ಮನೆಗೆ ಬೀಗ ಹಾಕಿ ಮಗಳ ಹತ್ತಿರ ಇರಲು ಹೊರಟಳು. "ಇದ ಕಡೀ ಸಲ ಅಕ್ಕಾ. ಇನ್ನ ಈ ದಾರೀಲೆ ಬರಂಗಿಲ್ಲ. ತಪ್ಪಸಬ್ಯಾಡ," ಎಂದಳು ಫೋನಿನಲ್ಲಿ. ಆ ದಿನ ಬುತ್ತಿಯ ಕೆಳಗೆ ಚೀಲದಲ್ಲಿ ಆ ಖಣ ಇಟ್ಟುಕೊಂಡೆ. ಏನು ಹೇಳಿ ಕೊಡಬೇಕೆಂದು ಯೋಚಿಸಿರಲಿಲ್ಲ.

ಮಧ್ಯಾಹ್ನ ಒಂದು ತಾಸು ಮಳೆ ಹೊಡೆಯಿತು, ಬರೀ ಒಂದು ತಾಸು. ಆಮೇಲೆ ಸಂಜೆಯವರೆಗೂ ತುಂತುರು ಹನಿ. ಕೇಶ್ವಾಪುರದ ನಮ್ಮ ಓಣಿಯಿಂದ ಸ್ಟೇಶನ್ನು ಎಷ್ಟು ದೂರ? ಹದಿನೈದು ನಿಮಿಷ ಬೇಕಿಲ್ಲ. ನೀರು ತಗ್ಗು ಹುಡುಕುತ್ತದೆ, ಪಾಪ, ಅದಕ್ಕೆ ಬೇರೇನೂ ಬರುವುದಿಲ್ಲ. ನಾವು ಅದರ ನಾಲಾದ ಮೇಲೆ ಅಂಗಡಿ ಕಟ್ಟಿ, ರಸ್ತೆಯನ್ನು ರೈಲು ಸೇತುವೆಯ ಬುಡಕ್ಕೆ ಇಳಿಸಿದೆವು. ಅದು ಬಂದು ಅಲ್ಲಿ ಕೂತಿತು. ಆಟೋದವನು ಇಳಿಜಾರಿನಲ್ಲೇ ನಿಲ್ಲಿಸಿದ.

"ಯಮ್ಮಾ, ಇದು ಆಟೋ ಐತ್ರಿ, ದೋಣಿ ಅಲ್ಲ."

"ಸುತ್ತ ಹಾಕಿ ಹೋಗೋ ತಮ್ಮಾ. ಗಾಡ್ಯಾಗ ನನ್ನ ತಂಗಿ ಕುಂತಾಳ."

"ಆ ಕಡೀನೂ ಹಿಂಗ ಐತ್ರಿ. ನಿಮ್ಮ ತಂಗಿ ಗಾಡ್ಯಾಗ ಕುಂತಾರು, ನಾ ನೀರಾಗ ಕುಂದ್ರಾಕ ಒಲ್ಲೆ."

ಬುತ್ತಿಯ ಚೀಲ ತಲೆಯ ಮೇಲಿಟ್ಟುಕೊಂಡು ಇಳಿದೆ. ನೀರು ಮೊಣಕಾಲಿಗೆ ಬಂತು, ಇನ್ನೆರಡು ಹೆಜ್ಜೆಗೆ ತೊಡೆಗೆ. ಕಾಲಿಗೆ ನೆಲ ಸಿಗಲಿಲ್ಲ, ಚೀಲದ ಒಂದು ಬದಿ ನೀರಿಗೆ ಬಿತ್ತು. ಆಟೋದವನೇ ಓಡಿ ಬಂದು ರಟ್ಟೆ ಹಿಡಿದು ಎಳೆದ.

"ಈಸಾಕ ಬರತೈತೇನ್ರಿ?"

"ನನ್ನ ವಯಸ್ಸೆಷ್ಟು ಗೊತ್ತೈತೇನು?"

"ಅದಕ್ಕ ಕೇಳಾಕತ್ತೇನ್ರಿ."

ಅಷ್ಟರಲ್ಲಿ ಫೋನು. "ಅಕ್ಕಾ, ಎಲ್ಲಿದ್ದೀ? ಆಗಲೇ ಕೈ ಹೊರಗ ಹಾಕಿ ಕುಂತೇನಿ, ಪೂರಾ ತೋದೇತಿ."

"ನೀರಾಗ ನಿಂತೇನಿ. ಸೇತುವಿ ಬುಡಕ."

ಅವಳು, "ಗಾಡಿ ಬಿಡಾಕತ್ತು. ಮ್ಯಾಲೆ ನೋಡು, ಕೈ ಮಾಡತೇನಿ," ಎಂದಳು.

ಗಾಡಿ ನಮ್ಮ ತಲೆಯ ಮೇಲೆಯೇ ಬಂತು. ಕುತ್ತಿಗೆ ನೋಯುವಷ್ಟು ಎತ್ತಿ ನೋಡಿದೆ. ಮಳೆಗೆ ಮಂದಿ ಕಿಟಕಿಗಳನ್ನೆಲ್ಲ ಇಳಿಸಿದ್ದರು. ತೆರೆದವು ಇದ್ದರೆ ಅವು ಆ ಕಡೆಯ ಬದಿಗಿದ್ದಿರಬೇಕು. ನನಗೆ ಒಂದು ಕೈಯೂ ಕಾಣಲಿಲ್ಲ.

"ಕಾಣಸ್ತೇನ ಅಕ್ಕಾ?"

"ಕಾಣಸ್ತು," ಅಂದೆ. ಸುಳ್ಳು ಹೇಳಿದ್ದಕ್ಕೆ ನನಗೆ ಈಗಲೂ ಬೇಜಾರಿಲ್ಲ.

ಬುತ್ತಿ ಹೊಳ್ಳಿ ಮನೆಗೆ ಒಯ್ಯುವ ಮನಸ್ಸಾಗಲಿಲ್ಲ. ಅಲ್ಲಿ ನಿಂತವರಿಗೆ ಹಂಚಿದೆ. ಆಟೋದವನು ಎರಡು ರೊಟ್ಟಿ ತಿಂದು, "ಎಲ್ಲಾ ಛಲೋ ಐತ್ರಿ ಯಮ್ಮಾ, ಉಪ್ಪ ಒಂದೀಟು ಕಡಿಮಿ," ಎಂದ.

ಮನೆಗೆ ಬಂದು ತೊಯ್ದ ಖಣವನ್ನು ಹಗ್ಗದ ಮೇಲೆ ಹರವಿದೆ. ಮಡಿಕೆ ಬಿಚ್ಚಿದ್ದು ಅದೇ ಮೊದಲು. ಬೆರಳಿನ ಅರಿಸಿನ ಅರ್ಧ ಹೋಗಿತ್ತು. ಅದರ ಮುಂದೆ ಕೂತು ನಮ್ಮ ಮೂರ್ಖತನವನ್ನು ನೋಡಿದೆ. ಇಬ್ಬರೂ ಕೂಡಿ ಎಲ್ಲ ದಾರಿ ಮುಚ್ಚಿ ಒಂದನ್ನೇ ಬಿಟ್ಟಿದ್ದೆವು. ಒಂದು ತಾಸಿನ ಮಳೆ ಅದನ್ನೂ ಮುಚ್ಚಿತು. ಅವಳು ತುಳಿಯಬೇಡ ಅಂದದ್ದು ಬಾಗಲಕೋಟೆಯ ಹೊಸ್ತಿಲು. ಅದಕ್ಕೆ ಈಗ ಬೀಗ. ದಾವಣಗೆರೆಯ ಹೊಸ್ತಿಲಿನ ಮಾತು ಯಾರೂ ಆಡಿರಲಿಲ್ಲ. ಹನ್ನೊಂದು ವರ್ಷ ಇದು ತಲೆಗೆ ಹೊಳೆಯಲಿಲ್ಲ ನೋಡಿ.

ಮರುದಿನ ಬೆಳಿಗ್ಗೆ ಎದ್ದು ಹಿಟ್ಟು ನಾದಿ ರೊಟ್ಟಿ ಬಡಿದೆ. ಚಟ್ನಿಗೆ ಉಪ್ಪು ಮೊದಲಿನಷ್ಟೇ ಹಾಕಿದೆ, ಅವಳು ಬೇಕಾದರೆ ಬೈಯಲಿ. ಸೇತುವೆಯ ಕೆಳಗೆ ನೀರು ಇಳಿದು ಬರೀ ಕೆಸರಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆ. ಸ್ಟೇಶನ್ನಿನ ಕಿಟಕಿಯಲ್ಲಿ ದಾವಣಗೆರೆಗೆ ಒಂದು ಟಿಕೀಟು ಕೇಳಿದೆ.

"ಹೋಗಿ ಬರೂದು ಎರಡೂ ಕೊಡ್ಲೇನ್ರಿ ಅಜ್ಜಿ?" ಎಂದಳು ಒಳಗಿದ್ದ ಹೆಣ್ಣುಮಗಳು.

"ಹೋಗೂದಷ್ಟ ಕೊಡವಾ," ಎಂದೆ. "ಬರೂದು ಆಕಿ ಬಿಟ್ಟಾಗ."