ಬಿಸಿಲು ಕಾಸಿದ ನೀರು ಮತ್ತು ಬೋರವ್ವನ ಸೀರೆ

ಬನಹಟ್ಟಿಯ ನೇಕಾರರ ಓಣಿಯಲ್ಲಿ ಇನ್ನೂ ಮಬ್ಬುಗತ್ತಲು. ಒಂದು ಮಗ್ಗವೂ ಸದ್ದು ಮಾಡುತ್ತಿಲ್ಲ. ಮಾಳಿಗೆಯ ಮೇಲೆ ಭೀಮಶಿ ಬಿಸಿನೀರಿನ ಸೋಲಾರ್ ಟಾಕಿಗೆ ಕಿವಿ ಹಚ್ಚಿ ನಿಂತಿದ್ದಾರೆ. ಟಾಕಿ ಖಾಲಿ. ಆದರೂ ಒಳಗಿನಿಂದ ಯಾರೋ ಉಸಿರು ಬಿಗಿಹಿಡಿದು ಬಿಟ್ಟಂಥ ಸದ್ದು ಬರುತ್ತಿದೆ. ಅವರ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲು ಜೊತೆಗೆ ಬಂದ ನಾನು, ಸುಳ್ಳೇಕೆ ಹೇಳಲಿ, ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

"ಗಾಳಿರೀ. ಖಾಲಿ ಟಾಕಿ ಹಿಂಗ ನರಳತೈತಿ," ಎನ್ನುತ್ತಾರೆ ಅವರು. "ಎಲ್ಲಾ ಮನ್ಯಾಗೂ ಕೇಳೇನಿ. ಆದ್ರ ಈ ಮನಿ ಮಾಳಗಿ ಮ್ಯಾಲ ಬಂದ್ರ ನನಗೂ ಅನುಮಾನ ಬರತೈತಿ."

ಟಾಕಿಯ ಕೆಳಗೆ ಇಳಿಜಾರಾಗಿ ಇರಬೇಕಾದ ಗಾಜಿನ ಕೊಳವೆಗಳು ಒಡೆದು ಹಲ್ಲು ಮುರಿದ ಬಾಯಿಯಂತಿವೆ. ಇವತ್ತು ಭೀಮಶಿಯನ್ನು ಕರೆಸಿರುವುದು ರಿಪೇರಿಗಲ್ಲ, ಎಲ್ಲವನ್ನೂ ಬಿಚ್ಚಿ ಒಯ್ಯಲು. ಕೆಳಗಿನ ಪಡಸಾಲೆಯಲ್ಲಿ ಇನ್ನೊಂದು ಗಂಟು ಕಟ್ಟಿ ಕೂತಿದೆ. ಅದು ಈ ಮನೆಯ ಸೊಸೆ ಪೂರ್ಣಿಮಾಳದು. ಅವಳನ್ನು ತವರಿಗೆ ಕರೆದೊಯ್ಯಲು ಜಮಖಂಡಿಯಿಂದ ಅಣ್ಣ ಬರುತ್ತಿದ್ದಾನೆ. ಮಾವ ಹೇಳಿ ಕಳಿಸಿದ್ದಾರೆ. ಗಂಡ ಸುಭಾಷ್ ತಂದೆಗೆ ಎದುರಾಡುವವನಲ್ಲ.

ಭೀಮಶಿ ಮೊದಲು ಪವರ್‌ಲೂಮ್ ಕೆಲಸಗಾರ. ಮಗ್ಗದ ಗದ್ದಲಕ್ಕೆ ಎಡಗಿವಿ ಹೋಯಿತು, ಕೆಲಸವೂ ಹೋಯಿತು. ಈಗ ರಬಕವಿ, ಬನಹಟ್ಟಿ, ತೇರದಾಳದ ಮಾಳಿಗೆಗಳೇ ಅವರ ಕಾರ್ಖಾನೆ. ದಿನಕ್ಕೆ ಮೂರೋ ನಾಲ್ಕೋ ಟಾಕಿ ತೊಳೆಯುತ್ತಾರೆ. ಇಲ್ಲಿನ ಬೋರಿನ ನೀರು ಗಡಸು. ಕೊಳವೆಗಳಲ್ಲಿ ಸುಣ್ಣದಂತೆ ಗಟ್ಟಿಯಾಗುತ್ತದೆ. ತೊಳೆಸದೇ ಬಿಟ್ಟವರು ಆಮೇಲೆ ಸೋಲಾರನ್ನೇ ಬೈಯುತ್ತಾರೆ.

ಸೋಲಾರ್ ಹಾಕಿಸುವುದು ಲಾಭವೇ ಎಂದು ಕೇಳಿದರೆ ಭೀಮಶಿ ಅಂಗಡಿಯವರಂತೆ ತಲೆಯಾಡಿಸುವುದಿಲ್ಲ. "ಒಮ್ಮೆಲೇ ರೊಕ್ಕ ಬೀಳತೈತಿ, ಅದು ಖರೆ. ಶ್ರಾವಣದಾಗ ಮೋಡ ಕವೀತಂದ್ರ ತಣ್ಣೀರ ಗತಿ. ಗಾಜ ಒಡದ್ರ ಮತ್ತ ಖರ್ಚು. ಆದ್ರ ನಮ್ಮ ಬಿಸಲು ಪುಕ್ಕಟ ಐತಲ್ರಿ. ನಾಕೈದು ವರ್ಷದಾಗ ಹಾಕಿದ್ದು ಹೊಳ್ಳಿ ಬರತೈತಿ. ಹೊಗಿ ತಪ್ಪತೈತಿ. ಅದನ್ನ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ."

ಪೂರ್ಣಿಮಾ ಲೆಕ್ಕ ಹಿಡಿದಿದ್ದು ಆ ಹೊಗೆಯನ್ನೇ. ಅತ್ತೆ ಬೋರವ್ವ ಹತ್ತಿಕಟ್ಟಿಗೆಯ ಒಲೆಯಲ್ಲಿ ನೀರು ಕಾಸಿ ಕಾಸಿ ಕೆಮ್ಮು ಹತ್ತಿಸಿಕೊಂಡಿದ್ದರು. ಸೊಸೆ ಹಟ ಹಿಡಿದು ಸೋಲಾರ್ ಹಾಕಿಸಿದಳು. ಬೋರವ್ವ ಮಾತ್ರ ಅದರ ನೀರು ಮುಟ್ಟಲಿಲ್ಲ. ಬೆಂಕಿ ಕಾಣದ ಬಿಸಿನೀರಿಗೆ ಜೀವವಿಲ್ಲ ಎಂದು ಕೊನೆತನಕ ಒಲೆಯ ಮುಂದೆಯೇ ಕೂತರು. ಹೋದ ತಿಂಗಳು ತೀರಿಕೊಂಡರು.

ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸುವುದಿಲ್ಲ, ನೆಂಟರ ಮನೆಯಿಂದ ಬುತ್ತಿ ಬರುತ್ತದೆ. ಒಲೆ ಉರಿಯದ ಮನೆಯಲ್ಲಿ ನೀರಾದರೂ ಹೇಗೆ ಕಾಯಬೇಕು ಎಂದು ಹಿರಿಯರಿಗೆ ಹೊಳೆಯಿತು. ಸೂರ್ಯನಿಗೆ ಸೂತಕ ಹೇಳುವವರಾರು? ಸಾವಾದ ದಿನವೇ ಭೀಮಶಿಯನ್ನು ಕರೆಸಿ ಟಾಕಿ ಖಾಲಿ ಮಾಡಿಸಿದರು. ಒಣ ಕೊಳವೆಗೆ ಬಿಸಿಲು ಬಿದ್ದರೆ ಕಾದ ಹಂಚಾಗುತ್ತದೆ, ಅದಕ್ಕೆ ತಣ್ಣೀರು ಬಿಟ್ಟರೆ ಸಿಡಿಯುತ್ತದೆ. ಭೀಮಶಿ ಅದನ್ನು ಬಲ್ಲವರು, ಕೊಳವೆಗಳಿಗೆ ಬಟ್ಟೆ ಹೊದಿಸಿಯೇ ಹೋದರು.

ಮೂರನೆಯ ದಿನ ಮಧ್ಯಾಹ್ನ, ಎಲ್ಲರ ಸ್ನಾನಕ್ಕೆಂದು ಹಿರಿಯರ ಮಾತಿನಂತೆ ಪೂರ್ಣಿಮಾ ನೀರಿನ ವಾಲ್ವ್ ತಿರುಗಿಸಿದಳು. ಮಾಳಿಗೆಯ ಮೇಲೆ ಒಂದರ ಹಿಂದೊಂದು ಗುಂಡು ಹಾರಿದಂತೆ ಸದ್ದು. ಅಂಗಳದ ತುಂಬ ಗಾಜಿನ ಚೂರು. ನೆಂಟರು ಊಟ ಬಿಟ್ಟು ಓಡಿದರು. ಬೋರವ್ವನ ಸಿಟ್ಟು ಇಳಿದಿಲ್ಲ, ಸೊಸೆಯ ಕೈ ತಾಗಿದ್ದಕ್ಕೇ ಹೀಗಾಯಿತು ಎಂದು ಓಣಿಯೇ ತೀರ್ಪು ಕೊಟ್ಟಿತು. ಅಂದಿನಿಂದ ಅವಳು ತುಂಬಿದ ಕೊಡವನ್ನು ಯಾರೂ ಮುಟ್ಟುತ್ತಿಲ್ಲ.

ಹೊದಿಸಿದ್ದರೆ ಸಿಡಿದದ್ದು ಹೇಗೆ? ನನ್ನ ಪ್ರಶ್ನೆಗೆ ಭೀಮಶಿ ಮೆಟ್ಟಿಲ ಕಡೆ ನೋಡಿ, ಪಾನಾ-ಇಕ್ಕಳದ ಚೀಲದಿಂದ ಒಂದು ಸೀರೆ ತೆಗೆಯುತ್ತಾರೆ. ಹಸಿರು ಒಡಲು, ಕೆಂಪು ಸೆರಗು, ಅಂಗಡಿಯಲ್ಲಿಟ್ಟಂಥ ಚೊಕ್ಕ ಮಡಿಕೆ.

"ಅವತ್ತ ಮನಿ ತುಂಬ ಅಳು. ಅರಿವಿ ಕೇಳಾಕ ಬಾಯಿ ಬರಲಿಲ್ಲ. ಹಗ್ಗದ ಮ್ಯಾಲಿದ್ದ ಸೀರಿ ತಗೊಂಡು ಹೊದಿಸಿದೆ. ಗಾಜ ಒಡದಾವಂತ ಓಡಿ ಬಂದು ನೋಡತೇನಿ, ಸೀರಿ ಹಿಂಗ ಮಡಚಿ ಟಾಕಿ ಮ್ಯಾಲಿತ್ರಿ. ಮ್ಯಾಲ ಯಾರೂ ಹೋಗಿಲ್ಲ ಅಂದ್ರು. ಅದು ಬೋರವ್ವನ ಸೀರಿ ಅಂತ ಆಮ್ಯಾಲ ತಿಳೀತು. ಹೇಳಿದ್ರ ಆ ಹುಡುಗಿ ಪೂರಾ ಮುಳಗತಾಳ ಅಂತ ಚೀಲದಾಗ ಮುಚ್ಚಿಟ್ಟೇನಿ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಮಹಾಲಿಂಗಪ್ಪ ನಿಂತಿದ್ದಾರೆ. ಬೋರವ್ವನ ಗಂಡ, ಪೂರ್ಣಿಮಾಳ ಮಾವ, ಕೈಮಗ್ಗದ ಹಳೆಯ ನೇಕಾರ. ಕಣ್ಣು ಸೀರೆಯ ಮೇಲೆ. ಗೋಡೆ ಹಿಡಿದು ಅಲ್ಲೇ ಕೂತುಬಿಡುತ್ತಾರೆ.

"ಇದು... ನಿನ್ನ ಹಂತ್ಯಾಕ ಹೆಂಗ ಬಂತೋ?"

"ನಾನ ಒಯ್ದಿದ್ದೆರೀ ಕಾಕಾ."

ಭೀಮಶಿ ಸೀರೆಯನ್ನು ಅವರ ಮಡಿಲಲ್ಲಿಡುತ್ತಾರೆ. ಆಮೇಲೆ ಮುದುಕ ನಮಗಲ್ಲ, ಸೀರೆಗೆ ಹೇಳುವಂತೆ ಹೇಳುತ್ತಾರೆ:

"ಮೂರನೇ ದಿನ ನಸುಕಿನ್ಯಾಗ ಮ್ಯಾಲ ಬಂದಿದ್ದೆ. ನಾ ನೇಯ್ದ ಸೀರಿ, ನನಗ ಗುರ್ತ ಸಿಗೂದಿಲ್ಲೇನು? ಅಕಿ ಇಲ್ಲಿ ಮಲಗಿದ್ದಳೋ ಭೀಮಶಿ. ಗಾಳಿಗೆ ಎದಿ ಏರಿ ಇಳ್ಯಾಕತ್ತಿತ್ತು. ಏಳ, ಬಿಸಲ ಬರತೈತಿ ಅಂದೆ. ಸೆರಗ ಹಿಡದು ಎಳದೆ. ಕೆಳಗ ಬರೇ ಗಾಜು. ಮಡಚಿಟ್ಟು ಇಳದೆ. ಮರುದಿನ ಬಂದ್ರ ಸೀರಿ ಇಲ್ಲ. ಅಕಿನ ಬಂದು ಒಯ್ದಾಳ ಅಂದ್ಕೊಂಡೆ."

"ಕಾಕಾ, ಆ ಸೀರಿ ತಗದಿದ್ದಕ್ಕ ಗಾಜ ಕಾದು ಒಡದಾವ್ರಿ," ಎಂದು ಭೀಮಶಿ ಮೆಲ್ಲಗೆ ಹೇಳುತ್ತಾರೆ. "ಪೂರ್ಣಿಮಾ ನೀರಷ್ಟ ಬಿಟ್ಟಾಳ."

ಮಹಾಲಿಂಗಪ್ಪನ ಮುಖ ನೋಡಲಾಗುವುದಿಲ್ಲ. ಹೆಂಡತಿಯ ಕೈಯೆಂದು ಅವರು ಹೆದರಿದ್ದು ಭೀಮಶಿಯ ಕೈಗೆ, ಓಣಿಯೆಲ್ಲ ಹೆದರಿದ್ದು ಮಹಾಲಿಂಗಪ್ಪನದೇ ಕೈಗೆ. ನಡುವೆ ಸಿಕ್ಕವಳು, ಅತ್ತೆಯ ಕೆಮ್ಮು ನಿಲ್ಲಲೆಂದು ಬಯಸಿದ ಹುಡುಗಿ.

ಜಮಖಂಡಿಯ ಅಣ್ಣ ಬಂದಾಗ ಮುದುಕ ಅಂಗಳದಲ್ಲೇ ತಡೆಯುತ್ತಾರೆ. "ಉಂಡು ಹೋಗಪಾ. ಹೋಗೂದಾದ್ರ ಒಬ್ಬನ ಹೋಗು. ನಿನ್ನ ತಂಗಿ ಎಲ್ಲೂ ಬರೂದಿಲ್ಲ." ಪಡಸಾಲೆಯಲ್ಲಿ ಪೂರ್ಣಿಮಾ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಾಳೆ. ಅವಳು ತುಂಬಿದ ಕೊಡದಿಂದಲೇ ಮಾವ ನೀರು ಬಗ್ಗಿಸಿ ಕುಡಿಯುತ್ತಾರೆ.

ಭೀಮಶಿ ಮಾಳಿಗೆಯಲ್ಲಿ ಗಾಜಿನ ಚೂರು ಬಳಿಯುತ್ತಿದ್ದಾರೆ. ಬಿಚ್ಚಿ ಒಯ್ಯುವ ಮಾತು ಬಿದ್ದುಹೋಗಿದೆ, ನಾಳೆ ಅವರೇ ಹೊಸ ಕೊಳವೆ ಹಾಕಲಿದ್ದಾರೆ. ನಿಮ್ಮ ಫೋಟೋ ತೆಗೆಯಲೇ ಎಂದರೆ ನಾಚುತ್ತಾರೆ.

"ನಂದೇನ ಬ್ಯಾಡ್ರಿ. ಪೂರ್ಣಿಮಾಂದ ಏನೂ ತಪ್ಪಿಲ್ಲ ಅಂತ ದೊಡ್ಡ ಅಕ್ಷರದಾಗ ಹಾಕ್ರಿ. ಈ ಓಣ್ಯಾಗ ಕನ್ನಡಕ ಇಲ್ದವ್ರ ಭಾಳ ಅದಾರ."