ಅಕ್ಕ ತೊಳೆದ ಕ್ಯಾನು

ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು ನಡುಮನೆಗೆ ಬಂದು ಮೀನಿನ ತೊಟ್ಟಿಯ ದೀಪ ಹಾಕಿದೆ. ಸಿಗಡಿ ಮರಳಿನ ಮೇಲೆ ಅಂಗಾತ ಬಿದ್ದಿತ್ತು. ಕಾಲುಗಳು ಇನ್ನೂ ಸಣ್ಣಗೆ ಅದುರುತ್ತಿದ್ದವು. ಗಾಜಿಗೆ ಅಂಟಿಕೊಂಡಿರುತ್ತಿದ್ದ ಬಸವನಹುಳುಗಳೆಲ್ಲ ಉದುರಿ ಕೆಳಗೆ ಬಿದ್ದಿದ್ದವು. 'ಅಯ್ಯೋ ಶಿವನೇ!' ಎಂದು ನಾನು ಕೂಗಿದ್ದಕ್ಕೆ ಸ್ನಾನದ ಮನೆಯಲ್ಲಿದ್ದ ನನ್ನ ಗಂಡ ಟವೆಲ್ ಸುತ್ತಿಕೊಂಡು ಓಡಿಬಂದರು. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು. ಇಬ್ಬರಿಗೂ ಅದರ ಕಡೆ ಗಮನವಿಲ್ಲ.

ಬಿಳಿ ಮೈಗೆ ಕೆಂಪು ಪಟ್ಟೆಯ ಸಿಗಡಿ ಅದು. ನೀರಿಗೆ ಕೈ ಹಾಕಿದರೆ ನನ್ನ ಬೆರಳ ಮೇಲೆ ಹತ್ತಿ ಉಗುರಿನ ಸಂದಿಯನ್ನು ಕೆದಕಿ ಚೊಕ್ಕಟ ಮಾಡುತ್ತಿತ್ತು. ಹಿಂದಿನ ಸಂಜೆಯೂ ಮಾಡಿತ್ತು. ರಾತ್ರಿ ಬೆಳಗಾಗುವುದರೊಳಗೆ ಏನಾಯಿತು ಎಂದು ನನಗೆ ತಲೆಬುಡ ತಿಳಿಯಲಿಲ್ಲ.

ಚಾಮರಾಜನಗರಕ್ಕೆ ಸಮುದ್ರ ಎಲ್ಲಿಂದ ಬಂತು ಎಂದು ಕೇಳುವವರಿಗೆ ನಾನು ಉತ್ತರ ಹೇಳಿ ಹೇಳಿ ಸೋತಿದ್ದೇನೆ. ಅದಕ್ಕೆಂದೇ ಉಪ್ಪು ಬರುತ್ತದೆ, ಶುದ್ಧ ನೀರಿಗೆ ಕಲಸಿದರೆ ಸಮುದ್ರದ ನೀರಾಗುತ್ತದೆ, ಅದರಲ್ಲಿ ಹವಳ ಬೆಳೆಯುತ್ತದೆ. ನಮ್ಮದು ಲಿಂಗಪೂಜೆಯ ಮನೆ, ಮೊಟ್ಟೆಯೂ ಹೊಸ್ತಿಲು ದಾಟುವುದಿಲ್ಲ. ಹಾಗಾಗಿ ನೆಂಟರಿಗೆಲ್ಲ ಈ ತೊಟ್ಟಿ ಒಂದು ತಮಾಷೆ. 'ತಿನ್ನಾದೂ ಇಲ್ಲ, ಮಾರಾದೂ ಇಲ್ಲ, ಮತ್ಯಾಕಮ್ಮಿ ಮೀನ್ಗ ದುಡ್ಡ ಸುರಿತಿದ್ದಯ್?' ಎಂದು ಭೀಮನಬೀಡಿನ ನನ್ನ ಅಕ್ಕ ಬಂದಾಗಲೆಲ್ಲ ಕೇಳುತ್ತಾಳೆ. ಕೇಳಿದ ಮೇಲೆ ಅವಳೇ ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂರುತ್ತಾಳೆ. ಊಟಕ್ಕೆ ಕರೆದರೂ ಏಳುವುದಿಲ್ಲ.

ಹವಳ ಕಲ್ಲಲ್ಲ, ಜೀವ. ನೀರಿನಲ್ಲಿರುವ ಸುಣ್ಣದಂಶವನ್ನು ಹೀರಿ ತನ್ನ ಗೂಡು ಕಟ್ಟಿಕೊಳ್ಳುತ್ತದೆ. ಅದು ಹೀರಿಕೊಂಡಷ್ಟನ್ನು ನಾವು ದಿನಾ ತುಂಬಿಕೊಡಬೇಕು. ಅದಕ್ಕೆ ಮೂರು ಬಗೆಯ ದ್ರವಗಳಿವೆ. ತೊಟ್ಟಿಯ ಕೆಳಗಿನ ಬೀರುವಿನಲ್ಲಿ ಮೂರು ಡಬ್ಬಗಳಲ್ಲಿ ಅವನ್ನು ಇಟ್ಟರೆ, ಒಂದು ಸಣ್ಣ ಪಂಪು ಟ್ಯೂಬಿನಿಂದ ಎಳೆದು ಹನಿಹನಿಯಾಗಿ ನೀರಿಗೆ ಬಿಡುತ್ತದೆ. ಪಂಪನ್ನು ಹೇಗೋ ಕೊಂಡಿದ್ದೆ. ಡಬ್ಬದ ಬೆಲೆ ನೋಡಿದ ದಿನ ಮಾತ್ರ ಮೊಬೈಲನ್ನು ಮಗುಚಿ ಇಟ್ಟುಬಿಟ್ಟೆ. ಒಳಗೆ ಏನೂ ಇಲ್ಲದ ಖಾಲಿ ಡಬ್ಬ, ಅದಕ್ಕೆ ಒಂದು ರೇಷ್ಮೆ ಸೀರೆಯ ಬೆಲೆ! ಯಾರಪ್ಪನ ಮನೆ ಗಂಟು?

ಸರಿ, ಅಗ್ಗದ್ದು ಹುಡುಕಿದೆ. ಕಾಫಿಪುಡಿಯ ಪ್ಲಾಸ್ಟಿಕ್ ಡಬ್ಬದ ಮುಚ್ಚಳ ಸಡಿಲವಾಗಿತ್ತು, ಅಂಚಿನಲ್ಲಿ ಉಪ್ಪು ಗಟ್ಟಿಯಾಗಿ ಬೀರುವೆಲ್ಲ ಬಿಳಿಯಾಯಿತು. ತಂಪು ಪಾನೀಯದ ಬಾಟಲಿ ಖಾಲಿಯಾಗುತ್ತ ಬಂದ ಹಾಗೆ ಹಗುರಾಗಿ ಮಗುಚಿಕೊಂಡಿತು. ಉಪ್ಪಿನಕಾಯಿ ಡಬ್ಬವನ್ನು ಎಷ್ಟು ತೊಳೆದರೂ ಎಣ್ಣೆ ಜಿಡ್ಡು ಬಿಡಲಿಲ್ಲ. ನನಗೆ ಬೇಕಾಗಿದ್ದುದು ಚೌಕವಾಗಿ ನಿಲ್ಲುವ, ದಪ್ಪ ಪ್ಲಾಸ್ಟಿಕ್ಕಿನ, ಮುಚ್ಚಳ ಬಿಗಿಯಾಗಿರುವ, ಪಕ್ಕದಲ್ಲಿ ಅಳತೆಯ ಗೆರೆ ಇರುವ ಡಬ್ಬ. ಅಂಥದ್ದು ಅಕ್ಕನ ಟೊಮೆಟೊ ಹೊಲದಲ್ಲಿ ಸಿಕ್ಕಿತು.

ಒಂದು ಭಾನುವಾರ ಹೋಗಿದ್ದೆ. ಬಿಸಿಲಿಗೆ ಗಂಟಲು ಒಣಗಿ ನೀರು ಕೇಳಿದರೆ ಅಕ್ಕ ಬದುವಿನ ನೆರಳಲ್ಲಿಟ್ಟಿದ್ದ ಬಿಳಿ ಕ್ಯಾನಿನಿಂದ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಹಣ್ಣು ಕೀಳುತ್ತಿದ್ದ ಹೆಂಗಸರೂ ಅದರಿಂದಲೇ ಕುಡಿದರು. ಕುಡಿಯುತ್ತ ಕುಡಿಯುತ್ತ ನನ್ನ ಕಣ್ಣು ಕ್ಯಾನಿನ ಪಕ್ಕದ ಗೆರೆಗಳ ಮೇಲೆ ಬಿತ್ತು. ಎಂಥಾ ಕ್ಯಾನು! 'ಅಕ್ಕ, ಇಂಥವು ಇನ್ನೂ ಇವೆಯಾ?' ಎಂದೆ.

'ಅಯ್ಯ, ಅಟ್ಟದ್ ತುಂಬ ಅವ. ಎಷ್ಟ ಬೇಕು ತಕ್ಕೊಂಡೋಗಮ್ಮಿ.'

ಅಕ್ಕನ ತೊಳೆಯುವಿಕೆಯ ಬಗ್ಗೆ ಹೇಳಲೇಬೇಕು. ಸೀಗೆಪುಡಿ ಹಾಕಿ ಕುಲುಕುತ್ತಾಳೆ, ಸೋಡಾಪುಡಿಯ ಬಿಸಿನೀರು ತುಂಬಿ ಇಡುತ್ತಾಳೆ, ಬೇವಿನ ಸೊಪ್ಪು ತುರುಕಿ ಮತ್ತೆ ಕುಲುಕುತ್ತಾಳೆ, ಕೊನೆಗೆ ಬಾಯಿ ಕೆಳಗೆ ಮಾಡಿ ತಾರಸಿಯ ಬಿಸಿಲಿಗೆ ಹಾಕುತ್ತಾಳೆ. ಮೂಗು ಒಳಗಿಟ್ಟು ಮೂಸಿ ನೋಡಿ ವಾಸನೆ ಹೋಗಿದ್ದರೆ ಮಾತ್ರ ಅಟ್ಟಕ್ಕೆ. ಅವಳ ಕೈಯಲ್ಲಿ ತೊಳೆದ ಕ್ಯಾನು ಎಂದರೆ ಊರಿನಲ್ಲಿ ಬೇಡಿಕೆ. ಆ ದಿನವೂ ನಾನು ನನಗೆ ಬೇಕಾದ ಮೂರು ಎತ್ತಿಟ್ಟುಕೊಳ್ಳುತ್ತಿರುವಾಗ ಮೂರನೇ ಮನೆಯ ಹೆಂಗಸು ಬಂದು ಒಂದು ಕೇಳಿದಳು. ಅವಳ ಮಗಳು ಹೆರಿಗೆಗೆ ಬಂದು ಬಾಣಂತಿಯಾಗಿದ್ದಳು, ಕಾಯಿಸಿದ ನೀರು ತುಂಬಿಡಲು ಬೇಕಂತೆ. ಅಕ್ಕ ಎಲ್ಲಕ್ಕಿಂತ ಬೆಳ್ಳಗಿದ್ದ ಕ್ಯಾನನ್ನು ಆರಿಸಿ ಸೆರಗಿನಿಂದ ಒರೆಸಿ ಕೊಟ್ಟಳು. ಅದರಲ್ಲಿ ಮೊದಲು ಏನಿತ್ತು ಎಂದು ಆ ಹೆಂಗಸೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮನುಷ್ಯರು ಕುಡಿಯುವ ಕ್ಯಾನು, ಮೀನಿಗೇನಂತೆ ಎಂದುಕೊಂಡೆ. ಸಿಗಡಿ ಬೀಳುವ ಹಿಂದಿನ ರಾತ್ರಿ ಅವಕ್ಕೆ ದ್ರವ ತುಂಬಿ, ಪಂಪಿನ ಟ್ಯೂಬು ಇಳಿಬಿಟ್ಟು ಮಲಗಿದ್ದೆ.

ಈಗ ಸಿಗಡಿ ನನ್ನ ಅಂಗೈಯಲ್ಲಿತ್ತು. ಕಾಲುಗಳೂ ನಿಂತುಹೋಗಿದ್ದವು. ಉಪ್ಪು ಹೆಚ್ಚಾಯಿತೇ, ಪಂಪು ಕೆಟ್ಟು ಒಮ್ಮೆಲೇ ಸುರಿಯಿತೇ ಎಂದು ಎಲ್ಲವನ್ನೂ ಪರೀಕ್ಷೆ ಮಾಡಿದೆ. ಎಲ್ಲವೂ ಸರಿಯಾಗಿತ್ತು. ಹೊಸದಾಗಿ ಬಂದದ್ದು ಅಕ್ಕನ ಕ್ಯಾನು ಮೂರೇ. ಒಂದನ್ನು ಹೊರಗೆಳೆದು ತಿರುಗಿಸಿ ನೋಡಿದೆ. ಹಿಡಿಯ ಸಂದಿಯಲ್ಲಿ, ಅಕ್ಕನ ಉಗುರು ಹೋಗದ ಕಡೆ, ಲೇಬಲ್ಲಿನ ಒಂದು ಚೂರು ಉಳಿದಿತ್ತು. ಅದರಲ್ಲಿ ಕೆಂಪು ತ್ರಿಕೋನದ ಮೂಲೆ, ಕಡುವಿಷದ ಗುರುತು. ಗೊಬ್ಬರ, ಔಷಧಿ ಮಾರುವ ಅಂಗಡಿಗಳ ಕಪಾಟಿನಲ್ಲಿ ಎಷ್ಟು ಸಲ ನೋಡಿದ್ದೇನೆ ಅದನ್ನು!

ಫೋನ್ ಮಾಡಿದೆ. 'ಅಕ್ಕ, ಆ ಕ್ಯಾನಲ್ಲಿ ಮೊದಲು ಏನಿತ್ತು?'

'ಟಮೊಟೊಗ ಹೊಡಿಯೋ ಹುಳದ್ ಔಷ್ದಿ ಕಣಮ್ಮಿ. ಯಾಕ?'

ಯಾಕಂತೆ! ಬದುವಿನ ಮೇಲೆ ಕೂತು ಗಟಗಟನೆ ಕುಡಿದ ಆ ನೀರು ನೆನಪಾಯಿತು. ಹಣ್ಣು ಕೀಳುವ ಹೆಂಗಸರು, ಅಕ್ಕ, ಭಾವ, ಅವರ ಮೊಮ್ಮಕ್ಕಳು, ಎಲ್ಲರೂ ಕಣ್ಣ ಮುಂದೆ ಬಂದರು. ಆಮೇಲೆ ಆ ಬಾಣಂತಿ. ಫೋನಿನಲ್ಲಿ ಹೇಳಿದರೆ ಅಕ್ಕ ನಕ್ಕು ಇಟ್ಟುಬಿಡುತ್ತಾಳೆ ಎಂದು ನನಗೆ ಚೆನ್ನಾಗಿ ಗೊತ್ತು. 'ಮೂರನೇ ಮನೆಯ ಬಾಣಂತಿಗೆ ಕ್ಯಾನಿನ ನೀರು ಕೊಡಬೇಡಿ ಅನ್ನು, ನಾನು ಬರುತ್ತಿದ್ದೇನೆ' ಎಂದೆ. 'ಏನಮ್ಮಿ, ಹೊತ್ನಂತೆ ತಲೆಗಿಲೆ ಕೆಟ್ಟದಾ?' ಎಂದು ಅವಳು ಇಟ್ಟೇಬಿಟ್ಟಳು.

ಕಚೇರಿಗೆ ರಜೆ ಹೇಳಿ, ಸತ್ತ ಸಿಗಡಿಯನ್ನು ಒಂದು ಗಾಜಿನ ಶೀಶೆಗೆ ಹಾಕಿಕೊಂಡು ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವಳು ಶೀಶೆಯನ್ನು ನೋಡಿ ಸೀಟು ಬದಲಾಯಿಸಿದಳು. ದಾರಿಯುದ್ದಕ್ಕೂ ಹೊಲಗಳಲ್ಲಿ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡವರು ಕಂಡರು. ಬದುಗಳ ಮೇಲೆ ಬಿಳಿ ಕ್ಯಾನು, ನೀಲಿ ಕ್ಯಾನು. ಇಷ್ಟು ವರ್ಷ ಈ ದಾರಿಯಲ್ಲಿ ಓಡಾಡಿದ್ದೇನೆ, ಒಂದನ್ನೂ ನೋಡಿರಲಿಲ್ಲ. ಅಂದು ಅವನ್ನು ಬಿಟ್ಟು ಬೇರೇನೂ ಕಾಣಲಿಲ್ಲ.

ಭೀಮನಬೀಡು ಮುಟ್ಟಿದಾಗ ಅಕ್ಕ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಶೀಶೆಯನ್ನು ಅವಳ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವಳು ಸಿಗಡಿಯನ್ನು ನೋಡಿ ಮೊದಲು ಲೊಚಗುಟ್ಟಿದಳು. ಇದರ ಮುಂದೆಯೇ ಅವಳು ಊಟ ಮರೆತು ಕೂರುತ್ತಿದ್ದದ್ದು. ಆಮೇಲೆ ಕೋಪ ಬಂತು.

'ಮೀನು ಬದ್ಕವ?'

'ಬದುಕಿವೆ.'

'ಮತ್ತ! ನಾವೇನ್ ಸಿಗಡಿಗಳಾ? ವರ್ಸಗಟ್ಲ ಕುಡೀತಿವಿ, ಏನಾಗದ ನಮ್ಗ? ನಾ ತೊಳ್ದುದ್ದರಲ್ಲಿ ಕೊಳೆ ಅಂದವ್ರು ಇನ್ನೂ ಯಾರೂ ಹುಟ್ಟಿಲ್ಲ.'

'ಮೆಣ್ಸಿನ್ಕಾಯ್ಗ ಔಷ್ದಿ ಹೊಡ್ದ ದಿನ ನಂಗೂ ತಲೆ ಗಿರ್ ಅಂತದ' ಎಂದು ಒಳಗಿನಿಂದ ಭಾವ ಮಾತು ತೆಗೆದರು. 'ನೀವ್ ಸುಮ್ಕಿರಿ' ಎಂದು ಅಕ್ಕ ಅವರ ಬಾಯಿ ಮುಚ್ಚಿಸಿದಳು.

ನನಗೂ ರೇಗಿತು. 'ಅಕ್ಕ, ಆ ಔಷಧಿ ಇರೋದೇ ಹುಳ ಸಾಯಿಸೋಕೆ. ಸಿಗಡಿ ಹುಳದ ನೆಂಟ. ಹಾಗಾಗಿ ಅದಕ್ಕೇ ಮೊದಲು ತಗುಲಿದ್ದು. ಹನಿ ಹನಿ ಹೋಗಿದ್ದು, ಅಷ್ಟಕ್ಕೇ ಸತ್ತಿದೆ. ನೀನು ಅಷ್ಟೆಲ್ಲ ಉಜ್ಜಿದ ಮೇಲೂ ವಿಷ ಪ್ಲಾಸ್ಟಿಕ್ಕಿನೊಳಗೇ ಕೂತಿದೆ. ನಿನ್ನ ಮೂಗಿಗೆ ಸಿಗಲ್ಲ, ಸಿಗಡಿಗೆ ಸಿಕ್ಕಿತು' ಎಂದೆ. ದೀಪ ನಮ್ಮದೆಂದು ಮುತ್ತಿಟ್ಟರೆ ಮೀಸೆ ಸುಡದೆ ಬಿಡುತ್ತದೆಯೇ ಎಂದೂ ಅಂದುಬಿಟ್ಟೆ. ಅಷ್ಟು ಗಟ್ಟಿಯಾಗಿ ನಾನು ಅವಳ ಮೇಲೆ ಎಂದೂ ಕೂಗಿದ್ದಿಲ್ಲ.

ಅಕ್ಕ ಎದ್ದು ಒಳಗಿನಿಂದ ಒಂದು ಕ್ಯಾನು ತಂದಳು. ಮುಚ್ಚಳ ತೆಗೆದು ಮೂಗು ಇಟ್ಟು ಮೂಸಿದಳು. ಮತ್ತೆ ಮೂಸಿದಳು.

'ವಾಸ್ನೆನೇ ಇಲ್ವಲ್ಲಮ್ಮಿ...' ಎಂದಳು. ದನಿ ಬೇರೆಯಾಗಿತ್ತು.

ಕ್ಯಾನು ಕೈಯಲ್ಲೇ ಇತ್ತು. ಅವಳ ಕಣ್ಣು ಬೀದಿಯ ಕಡೆ ಹೋಯಿತು. ಮೊದಲು ಎದುರು ಮನೆ, ಆಮೇಲೆ ಅದರ ಪಕ್ಕದ್ದು, ಆಮೇಲೆ ಮೂಲೆಯದ್ದು. ಅವಳು ಏನು ನೋಡುತ್ತಿದ್ದಾಳೆ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

'ಬೀದಿಗೆಲ್ಲಾ ನಾನೇ ಕೊಟ್ಟಿವ್ನಿ ಕಣಮ್ಮಿ' ಎಂದಳು ಅಕ್ಕ. 'ಬ್ಯಾಡ ಅಂದವ್ರ್ಗೂ ಕರ್ದು ಕೊಟ್ಟಿವ್ನಿ.'

'ಬಾಣಂತಿ ಮನೆಗೆ ಹೇಳಿದೆಯಾ?'

ಹೇಳಿರಲಿಲ್ಲ. ಅವರೆಕಾಯಿ ಮೊರ ಅಲ್ಲೇ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಹೊರಟಳು. ನಾನು ಹಿಂದೆ ಓಡಿದೆ. ಸೊಂಟ ನೋವೆಂದು ಬಸ್ಸು ಹತ್ತಲೂ ಕೈ ಹಿಡಿಯಬೇಕಾದ ಅಕ್ಕ ಅಷ್ಟು ಬಿರುಸಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ.

ಮೂರನೇ ಮನೆಯ ಹೆಂಗಸು ನಮ್ಮನ್ನು ಕಂಡವಳೇ ಮುಖ ಅರಳಿಸಿದಳು. 'ಬನ್ನಿಯಕ್ಕ, ಬನ್ನಿ. ಬಿಸ್ಲಲ್ಲಿ ಬಂದಿದ್ದರಿ, ಕೂತ್ಕೊಳ್ಳಿ' ಎಂದು ನಾವು ಬಾಯಿ ತೆರೆಯುವುದರೊಳಗೆ ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದಳು. ಒಳಗೆ ಎಲ್ಲೋ ಮಗು ಸೀನಿತು. ಬಾಗಿಲ ಸಂದಿಯಲ್ಲಿ, ಬಾಣಂತಿಯ ಕೋಣೆಯ ಪಕ್ಕದ ಸ್ಟೂಲಿನ ಮೇಲೆ ಬಿಳಿ ಕ್ಯಾನು ಕಂಡಿತು.

ಅಕ್ಕ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. 'ಮಗ್ಳು ಕುಡಿಯಾದೂ ಇದೇ ನೀರಾ?' ಎಂದು ಕೇಳಿದಳು.

'ಇದೇ ಕಣಕ್ಕ. ಬಾಣಂತಿ ನೋಡಿ, ಸಿಕ್‌ಸಿಕ್ಕುದ್ರಲ್ಲಿ ಇಡಾಕಾದದಾ? ನೀವ್ ತೊಳ್ದುದ್ದು ಅಂದ್ಮೇಲ ನಂಗ್ಯಾವ ಭಯ?'

ನಮ್ಮ ಕಡೆ ಕೊಟ್ಟ ನೀರನ್ನು ಕುಡಿಯದೆ ಕೆಳಗಿಟ್ಟರೆ ಆ ಮನೆಯ ಜೊತೆ ಹಗೆ ಕಟ್ಟಿಕೊಂಡ ಹಾಗೆ. ಅಕ್ಕ ತುಂಬಿದ ತಂಬಿಗೆಯನ್ನು ಜಗಲಿಯ ಮೇಲೆ ಇಟ್ಟಳು. ಆ ಹೆಂಗಸಿನ ಮುಖದ ನಗು ಹಾಗೇ ನಿಂತುಹೋಯಿತು.

'ನಾ ತೊಳುದ್ರೂ ವಿಷ ಹೋಗಿಲ್ಲ ಕಣವ್ವ' ಎಂದಳು ಅಕ್ಕ.