ಹೆಸರು ಕೆತ್ತಿದ ಕೋಲು

೨೦೧೮ರಲ್ಲಿ ನಾನು ರೋಣ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷ ದಾಟಿತ್ತು. ಶಾಲೆಯ ಹೆಸರು ಬರೆಯುವುದಿಲ್ಲ, ಏಕೆಂದರೆ ಶಾಲೆಯದು ಏನೂ ತಪ್ಪಿಲ್ಲ. ನಿವೃತ್ತರಾದವರು ಇಂಥ ಬರಹಗಳಲ್ಲಿ ತಾವು ಗೆದ್ದ ಪ್ರಸಂಗವನ್ನೇ ಆರಿಸಿಕೊಳ್ಳುತ್ತಾರೆ. ನನ್ನ ಹತ್ತಿರವೂ ಅಂಥವು ಎರಡು ಮೂರು ಇವೆ. ಖೋಖೋ ತಂಡ ಜಿಲ್ಲೆಗೆ ಮೊದಲು ಬಂದದ್ದು, ಹುಲ್ಲು ಬೆಳೆದ ಮೈದಾನವನ್ನು ಮಕ್ಕಳ ಕೈಯಲ್ಲೇ ಹಸನು ಮಾಡಿಸಿದ್ದು. ಸಿಕ್ಕವರಿಗೆಲ್ಲ ಹೇಳಿ ಹೇಳಿ ಅವು ಸವೆದುಹೋಗಿವೆ. ಈಗ ಬರೆಯುವುದನ್ನು ಮಾತ್ರ ಏಳು ವರ್ಷ ನನ್ನ ಹೆಂಡತಿಗೂ ಹೇಳಿರಲಿಲ್ಲ.

ಬೇಟನ್ ಎಂದಕೂಡಲೇ ಹಲವರಿಗೆ ರಿಲೇ ಓಟದ ತುಂಡು ಕೋಲು ನೆನಪಾಗುತ್ತದೆ. ನಾನು ಹೇಳುವುದು ಅದಲ್ಲ. ಶಾಲೆಯ ಬ್ಯಾಂಡ್ ಹೊರಟಾಗ ಎಲ್ಲರಿಗಿಂತ ಮುಂದೆ ಒಬ್ಬರು ಕೋಲು ಆಡಿಸುತ್ತ ನಡೆಯುತ್ತಾರಲ್ಲ, ಆ ಕೋಲು. ನಾನು ನರಗುಂದದಲ್ಲಿ ಹೈಸ್ಕೂಲು ಓದುವಾಗ ಅದನ್ನು ಹಿಡಿಯುತ್ತಿದ್ದವನು ನಾನೇ. ಎದೆಮಟ್ಟದ ಬೆತ್ತ, ತುದಿಗೆ ಹಿತ್ತಾಳೆಯ ಗುಂಡು. ಎತ್ತಿದರೆ ಹೊರಡಬೇಕು, ಅಡ್ಡ ಹಿಡಿದರೆ ನಿಲ್ಲಬೇಕು. ಅದು ಬರೀ ಸನ್ನೆಯ ಕೋಲು. ಕೈಜಾರಿ ಬಿದ್ದರೆ ನಮ್ಮ ಮಾಸ್ತರರು ಅದೇ ಬೆತ್ತದಿಂದ ನಮ್ಮ ಬೆನ್ನಿಗೆ ಪಾಠ ಹೇಳುತ್ತಿದ್ದರು. ಹುಡುಗಿಯರ ಕೈಗೆ ಅದು ಹೋದದ್ದನ್ನು ನಾನು ಕಂಡಿರಲಿಲ್ಲ. ಮುಂದೆ ತರಬೇತಿ ಕಾಲೇಜಿನಲ್ಲೂ ಅವೇ ಸನ್ನೆಗಳನ್ನು ಕಲಿಸಿದರು. ಬೆರಳುಗಳ ನಡುವೆ ಕೋಲನ್ನು ಹೊರಳಿಸುವುದು, ಬೆನ್ನ ಹಿಂದೆ ಕೈ ಬದಲಿಸುವುದು, ಮೇಲಕ್ಕೆ ಹಾರಿಸಿ ಹಿಡಿಯುವುದು, ಅಂದರೆ ಟ್ವರ್ಲಿಂಗ್ ಎನ್ನುವ ವಿದ್ಯೆ, ನಮ್ಮ ಶಾಲೆಗೆ ಬಂದದ್ದು ಮೊಬೈಲ್ ಬಂದ ಮೇಲೆ.

ತಂದವಳು ರೇಣುಕಾ. ಆಗ ಒಂಬತ್ತನೇ ತರಗತಿ. ಯಾವಗಲ್ ಎಂಬ ಹಳ್ಳಿಯಿಂದ ಬಸ್ಸೋ ಟ್ರ್ಯಾಕ್ಟರೋ ಸಿಕ್ಕಿದ್ದರಲ್ಲಿ ಬರುತ್ತಿದ್ದಳು. ತಂದೆ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದ. ತಾಯಿ ಗಂಗವ್ವ ಊರಲ್ಲೇ ಕೂಲಿ ಮಾಡುತ್ತಿದ್ದಳು. ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ತಂದೆಯ ತಮ್ಮನದು, ಅವಳ ಕಾಕಾನದು. ಯಾರದೋ ಮೊಬೈಲಿನಲ್ಲಿ ನೋಡಿ, ಹಳೆಯ ಟಿ.ವಿ. ಆಂಟೆನಾದ ಅಲ್ಯೂಮಿನಿಯಂ ನಳಿಕೆ ಕತ್ತರಿಸಿ, ಎರಡೂ ತುದಿಗೆ ರಬ್ಬರ್ ಚೆಂಡು ಸಿಕ್ಕಿಸಿ ಅವಳೇ ಒಂದು ಕೋಲು ಮಾಡಿಕೊಂಡಿದ್ದಳು. ಅದನ್ನು ಒಂದೇ ಬೆರಳ ಮೇಲೆ ಅಡ್ಡ ಇಟ್ಟು, ಎತ್ತಲೂ ವಾಲದೆ ನಿಲ್ಲುವ ಜಾಗ ಹುಡುಕಿ, ಅಲ್ಲಿ ಕೆಂಪು ಇನ್ಸುಲೇಶನ್ ಟೇಪ್ ಸುತ್ತಿದ್ದಳು. ಇದಕ್ಕೆ ಬ್ಯಾಲೆನ್ಸ್ ಪಾಯಿಂಟ್ ಎನ್ನುತ್ತಾರೆ. ಹಾರಿಸಿದ ಕೋಲು ತಿರುಗುವುದು ಆ ಬಿಂದುವಿನ ಸುತ್ತಲೇ. ಅದು ಎಲ್ಲಿದೆ ಎಂದು ಕೈಗೆ ಗೊತ್ತಿದ್ದರೆ ಕಣ್ಣು ಬೇಕಿಲ್ಲ. ನನಗೆ ಯಾವ ಪುಸ್ತಕವೂ ಹೇಳದ ಈ ಮಾತನ್ನು ಹೇಳಿಕೊಟ್ಟವಳು ಹದಿನಾಲ್ಕು ವರ್ಷದ ಹುಡುಗಿ.

ನನಗೆ ಹಿಗ್ಗು. ಹುಡುಗಿಯರದೇ ಒಂದು ಬ್ಯಾಂಡ್ ಕಟ್ಟಿದೆ. ಕಾಕಾ ಒಪ್ಪಲಿಲ್ಲ. ಹುಡುಗಿ ಓಣಿಯೊಳಗೆ ಕೋಲು ತಿರುಗಿಸುತ್ತ ಹೋಗುವುದು ಅವನಿಗೆ ಸರಿಬರಲಿಲ್ಲ. ಆಗ ಗಂಗವ್ವ ಮೈದುನನ ಎದುರಿಗೇ ನನಗೆ ಹೇಳಿದಳು: "ನನ್ನ ಮಗಳು ಮಾಸ್ತರ ಮಾತು ಮೀರಾಕಿ ಅಲ್ರಿ. ನೀವು ಹೇಳಿದಂಗ ಇರ್ತಾಳ. ಕರಕೊಂಡು ಹೋಗ್ರಿ." ಆ ಮಾತಿನ ಮೇಲೆ ಹುಡುಗಿ ಬ್ಯಾಂಡಿಗೆ ಬಂದಳು. ಹತ್ತನೇ ತರಗತಿ ಮುಗಿದ ಮೇಲೆ ಅವಳನ್ನು ಮುಂದೆ ಓದಿಸಬೇಕೋ ಬೇಡವೋ ಎನ್ನುವ ತಕರಾರೂ ಆ ಮನೆಯಲ್ಲಿ ಇದೇ ಮಾತಿನ ಮೇಲೆ ನಿಂತಿತ್ತು.

ನಮ್ಮ ಕಡೆ ಶಾಲೆಗೆ ಯಾರಾದರೂ ಏನಾದರೂ ಕೊಟ್ಟರೆ ಅದರ ಮೇಲೆ ಅವರ ಹೆಸರು ಇರಬೇಕು. ಗೋಡೆ ಗಡಿಯಾರದ ಮೇಲೆ, ಕಪಾಟಿನ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ಕೂಡ. ಫ್ಯಾನು ತಿರುಗುವಾಗ ಹೆಸರು ಕಾಣುವುದಿಲ್ಲ, ಕರೆಂಟು ಹೋದಾಗ ಮಾತ್ರ ದಾನಿಗಳ ದರ್ಶನ ಎಂದು ನಾವು ಶಿಕ್ಷಕರು ನಗುತ್ತಿದ್ದೆವು. ಆ ವರ್ಷ ರೋಣದ ಪೇಟೆಯ ಒಬ್ಬ ದಲಾಲಿ ಅಂಗಡಿ ಸಾಹುಕಾರರು ಬ್ಯಾಂಡಿನ ಹುಡುಗಿಯರಿಗೆ ಸಮವಸ್ತ್ರ ಕೊಟ್ಟರು. ಜೊತೆಗೆ ಒಂದು ಕೋಲು. ಉಕ್ಕಿನ ನಳಿಕೆ, ಒಂದು ತುದಿಗೆ ಮುಷ್ಟಿಗಾತ್ರದ ಹಿತ್ತಾಳೆ ಗುಂಡು, ಗುಂಡಿನ ಸುತ್ತ ಸಾಹುಕಾರರ ಹೆಸರು, ಅವರ ತಂದೆಯ ಹೆಸರು, ಅಂಗಡಿಯ ಹೆಸರು. ಅದು ಕೈಸೇರಿದ್ದು ಜನವರಿ ಇಪ್ಪತ್ತೈದರ ಮಧ್ಯಾಹ್ನ. ಮರುದಿನ ರೋಣದಲ್ಲಿ ತಾಲ್ಲೂಕಿನ ಗಣರಾಜ್ಯೋತ್ಸವದ ಪಥಸಂಚಲನ.

ರೇಣುಕಾ ಅದನ್ನು ಬೆರಳ ಮೇಲೆ ಇಟ್ಟು ನೋಡಿದಳು.

"ಸರ್, ಇದರ ಭಾರ ಎಲ್ಲಾ ತಲಿ ಕಡೆ ಐತ್ರಿ. ಹಾರಿಸಿದ್ರ ಹ್ಯಾಂಗ ತಿರಗತೈತೋ ಗೊತ್ತಾಗೂದಿಲ್ಲ. ನಾಳಿಗೆ ನನ್ನ ಕೋಲ ಇರ್ಲಿ."

"ಸಾಹುಕಾರರು ವೇದಿಕೆ ಮ್ಯಾಲ ಕುಂದ್ರತಾರ. ಅವರು ಕೊಟ್ಟ ಕೋಲು ಬಿಟ್ಟು ಆಂಟೆನಾ ಹಿಡಕೊಂಡು ಹೋದ್ರ ಚಲೋ ಕಾಣ್ತೈತೇನು?"

"ಹಂಗಾರ ಹಾರಿಸೂದು ಬ್ಯಾಡ ಏನ್ರಿ?"

ಇಲ್ಲಿ ನಾನು ಬೇಡ ಎನ್ನಬಹುದಿತ್ತು. ಆ ಒಂದು ಶಬ್ದಕ್ಕೆ ಏನೂ ಖರ್ಚಿರಲಿಲ್ಲ. ಆದರೆ ನನಗೆ ಸಾಹುಕಾರರೂ ಬೇಕಾಗಿತ್ತು, ಚಪ್ಪಾಳೆಯೂ ಬೇಕಾಗಿತ್ತು. "ಹಾರಸು. ಹಾರಸದಿದ್ರ ನಮ್ಮ ಬ್ಯಾಂಡಿನಾಗ ಏನೈತಿ? ವೇದಿಕೆ ಮುಂದ ಒಂದ ಸಲ," ಎಂದೆ. ಆ ಸಂಜೆ ಅವಳು ಮೈದಾನದಲ್ಲಿ ಹತ್ತು ಸಲ ಹಾರಿಸಿ ಆರು ಸಲ ಹಿಡಿದಳು. ತನ್ನ ಕೋಲಾಗಿದ್ದರೆ ಹತ್ತಕ್ಕೆ ಹತ್ತು. ನಾನು ಅಲ್ಲೇ ನಿಂತು ಎಣಿಸಿದವನು, ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಮರುದಿನ ವೇದಿಕೆಯ ಮುಂದೆ ಬಂದಾಗ ಅವಳು ಕೋಲು ಹಾರಿಸಿದಳು. ಅದು ಮೇಲೆ ಸರಿಯಾಗಿಯೇ ಹೋಯಿತು. ಇಳಿಯುವಾಗ ಗುಂಡು ಕೆಳಗಾಗಿ, ಅವಳ ಕೈಯನ್ನು ದಾಟಿ ಹಿಂದಕ್ಕೆ ಬಿತ್ತು. ಹಿಂದಿನ ಸಾಲಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಿದ್ದ ಶೋಭಾಳ ಎಡ ಮಣಿಕಟ್ಟಿಗೆ ಅದರ ಪೂರಾ ಭಾರ ಬಡಿಯಿತು. ಹುಡುಗಿ ಕೂಗಲಿಲ್ಲ, ಕೂತುಬಿಟ್ಟಳು. ಬ್ಯಾಂಡ್ ನಿಂತಿತು. ಸುತ್ತ ಸೇರಿದ ಜನರಲ್ಲಿ ಕೆಲವರು ನಕ್ಕರು. ದವಾಖಾನೆಗೆ ಒಯ್ದು ಎಕ್ಸ್‌ರೇ ತೆಗೆಸಿದಾಗ ಎಲುಬು ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ದಿನಗಳ ಮೇಲೆ ಸಾಹುಕಾರರನ್ನು ಕಂಡು ಕ್ಷಮೆ ಕೇಳಲು ಹೋದೆ. ಅವರು ಒಳ್ಳೆಯ ಮನುಷ್ಯ. "ಹುಡುಗಿ ಕೈ ಹ್ಯಾಂಗೈತ್ರಿ?" ಎಂದು ಮೊದಲು ಕೇಳಿದರು. ಆಮೇಲೆ, "ಯಾವ ಕೋಲು ಅಂತ ನಾ ನೋಡೇ ಇಲ್ಲ ಬಿಡ್ರಿ, ಆವತ್ತ ಚಸ್ಮಾ ಮನ್ಯಾಗ ಬಿಟ್ಟು ಬಂದಿದ್ದೆ," ಎಂದರು.

ಜನವರಿ ಇಪ್ಪತ್ತೇಳರಂದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಎಲ್ಲರೂ ಸೇರಿದರು. ಶೋಭಾಳ ತಂದೆ, ರೇಣುಕಾಳ ತಾಯಿ ಗಂಗವ್ವ, ಕಾಕಾ, ನಾನು. ರೇಣುಕಾ ಬಾಗಿಲ ಹತ್ತಿರ ನಿಂತಿದ್ದಳು. ಶೋಭಾಳ ತಂದೆ ಕೂಗಾಡಲಿಲ್ಲ. ಪರೀಕ್ಷೆ ಹತ್ತಿರ ಬಂದಿದೆ, ಮಗಳಿಗೆ ಹೀಗಾಯಿತಲ್ಲ, ಯಾರು ಹೊಣೆ ಎಂದಷ್ಟೇ ಕೇಳಿದರು. ಮುಖ್ಯೋಪಾಧ್ಯಾಯರು ನನ್ನ ಕಡೆ ತಿರುಗಿದರು.

"ಕೋಲು ಮ್ಯಾಲ ಹಾರಸಾಕ ನೀವು ಹೇಳಿದ್ರೇನ್ರಿ?"

ನನಗೆ ಒಮ್ಮೆಗೇ ನೋಟಿಸು, ವಿಚಾರಣೆ, ಸೇವಾ ಪುಸ್ತಕದಲ್ಲಿ ಕೆಂಪು ಶಾಯಿ ಎಲ್ಲ ಕಣ್ಣಿಗೆ ಕಟ್ಟಿದವು. "ಇಲ್ರಿ ಸರ್. ಹಾರಸಬ್ಯಾಡ ಅಂತನ ಹೇಳಿದ್ದೆ," ಎಂದೆ. ಅಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಅವರು ರೇಣುಕಾಳನ್ನು ಕೇಳಿದರು. ಅವಳು ನನ್ನನ್ನು ನೋಡಿದಳು. ನಾನು ಮೇಜಿನ ಮೇಲಿದ್ದ ಪೇಪರ್‌ವೇಟ್ ನೋಡುತ್ತಿದ್ದೆ. "ಹೌದ್ರಿ. ಸರ್ ಬ್ಯಾಡ ಅಂದಿದ್ರು. ನಾನ ಹಾರಿಸಿದೆ," ಎಂದಳು. ಕಾಕಾ ಗಂಗವ್ವನ ಮುಖ ನೋಡಿದ. "ಮಾತು ಮೀರಾಕಿ ಅಲ್ಲ ಅಂದಿದ್ದಿ," ಎಂದ. ಗಂಗವ್ವ ಸೆರಗು ಹೊದ್ದುಕೊಂಡು ಎದ್ದಳು.

ಇಲ್ಲಿಗೆ ನನ್ನ ನಾಚಿಕೆ ಮುಗಿಯುವುದಿಲ್ಲ. ಮುಂದಿನ ವಾರ ಮುಖ್ಯೋಪಾಧ್ಯಾಯರು, ಬ್ಯಾಂಡ್ ಮುಂದುವರಿಸೋಣವೇ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. ಅವರಿಗೆ ನಿಲ್ಲಿಸುವ ಮನಸ್ಸಿರಲಿಲ್ಲ. ನಾನೇ ಬೇಡ ಎಂದೆ. ಬ್ಯಾಂಡ್ ಇದ್ದರೆ ಆ ಮಾತು ಮತ್ತೆ ಬರುತ್ತದೆ ಎಂಬ ಅಳುಕು. ಡ್ರಮ್ಮುಗಳು ಸ್ಟೋರ್ ರೂಮಿಗೆ ಹೋದವು. ಹೆಸರು ಕೆತ್ತಿದ ಕೋಲನ್ನು ಮುಖ್ಯೋಪಾಧ್ಯಾಯರ ಕೋಣೆಯ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದವನೂ ನಾನೇ. ರೇಣುಕಾ ಹತ್ತನೇ ತರಗತಿ ಮುಗಿಸಿದಳು. ಮುಂದೆ ಓದಲಿಲ್ಲ. ಗಜೇಂದ್ರಗಡದಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಒಂದು ಅಂಗಡಿಗೆ ಸೇರಿದಳು ಎಂದು ಯಾರೋ ಹೇಳಿದರು. ಆ ಅಂಗಡಿ ಯಾವ ರಸ್ತೆಯಲ್ಲಿದೆ ಎಂದೂ ನನಗೆ ಗೊತ್ತಿತ್ತು. ಗಜೇಂದ್ರಗಡಕ್ಕೆ ಹೋದಾಗಲೆಲ್ಲ ಸುತ್ತು ಹಾಕಿಕೊಂಡು ಬೇರೆ ರಸ್ತೆಯಿಂದ ಬರುತ್ತಿದ್ದೆ.

ಕಳೆದ ವರ್ಷ, ೨೦೨೫ರಲ್ಲಿ, ನಿವೃತ್ತನಾದೆ. ಬೀಳ್ಕೊಡುಗೆಗೆ ಹಳೆಯ ವಿದ್ಯಾರ್ಥಿಗಳು ದೊಡ್ಡ ಫ್ಲೆಕ್ಸ್ ಕಟ್ಟಿಸಿದ್ದರು. ನನ್ನ ಫೋಟೋ, ಪಕ್ಕದಲ್ಲಿ ತಾಲೀಮಿನ ಹೊತ್ತಿನಲ್ಲಿ ಕೋಲು ಹಾರಿಸುತ್ತಿರುವ ಒಬ್ಬ ಹುಡುಗಿ. ಕೆಳಗೆ 'ಹೆಣ್ಣುಮಕ್ಕಳ ಕೈಗೆ ಬೇಟನ್ ಕೊಟ್ಟ ಗುರು' ಎಂದು ಬರೆದಿತ್ತು. ಫೋಟೋದಲ್ಲಿದ್ದವಳು ರೇಣುಕಾ. ಕೋಲಿನ ಮೇಲೆ ಕೆಂಪು ಟೇಪ್ ಕೂಡ ಕಾಣುತ್ತಿತ್ತು. ಶಾಲು ಹೊದಿಸಿದರು, ಹಾರ ಹಾಕಿದರು, ಈಗ ನರಗುಂದ, ಗಜೇಂದ್ರಗಡದ ಶಾಲೆಗಳಲ್ಲಿ ಹುಡುಗಿಯರು ಎಷ್ಟು ಚೆನ್ನಾಗಿ ಬೇಟನ್ ತಿರುಗಿಸುತ್ತಾರೆ, ಅದರ ಬೀಜ ಹಾಕಿದವರು ಇವರು ಎಂದು ಭಾಷಣ ಮಾಡಿದರು. ನಾನು ಕುರ್ಚಿಯಲ್ಲಿ ಕೂತು ಬೆವರುತ್ತಿದ್ದೆ. ಸೆಕೆ ಎಂದುಕೊಂಡು ಯಾರೋ ಫ್ಯಾನು ಹಾಕಿದರು.

ಮೂರನೇ ದಿನ ಗಜೇಂದ್ರಗಡಕ್ಕೆ ಹೋದೆ. ಅಂಗಡಿಯಲ್ಲಿ ನಾಲ್ಕು ಮಶೀನುಗಳು. ರೇಣುಕಾ ನನ್ನನ್ನು ನೋಡಿದ ಕೂಡಲೇ ಎದ್ದು ನಿಂತು, "ಬರ್ರಿ ಸರ್," ಎಂದು ಸ್ಟೂಲು ಎಳೆದು ಕೊಟ್ಟಳು. ಇನ್ನೂ ಹಾಗೇ ಎದ್ದು ನಿಲ್ಲುತ್ತಾಳಲ್ಲ ಎನಿಸಿತು. ಆವತ್ತು ಅವಳು ಯಾಕೆ ಹಾಗೆ ಹೇಳಿದಳು ಎಂದು ಕೇಳಿದೆ.

"ನೀವು ಸಿಕ್ಕಿಬಿದ್ರ ನಮಗ ಕಲಸಾಕ ಯಾರೂ ಇರೂದಿಲ್ಲ ಅನ್ಕೊಂಡೇನ್ರಿ. ನಾ ಇರದಿದ್ರೂ ಹುಡುಗ್ಯಾರ ಬ್ಯಾಂಡ್ ಉಳೀಲಿ ಅಂತ ಹಂಗ ಅಂದೆ." ಮಶೀನಿನ ಮೇಲಿದ್ದ ಬಟ್ಟೆ ಮಡಚಿಟ್ಟು ಹೇಳಿದಳು: "ಆಮ್ಯಾಲ ಅದನ್ನ ನೀವ ನಿಲ್ಲಿಸಿದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ತಪ್ಪಾಯಿತು ಎಂದೆ. ಏಳು ವರ್ಷ ಅಭ್ಯಾಸ ಮಾಡಿದ ಮಾತು, ಬಾಯಿಗೆ ಬಂದಾಗ ತೀರಾ ಸಣ್ಣದಾಗಿ ಕೇಳಿಸಿತು.

"ನನಗ ಹೇಳಿ ಏನ್ ಮಾಡ್ತೀರಿ ಸರ್, ನನಗ ಗೊತ್ತೈತಲ್ಲ," ಎಂದಳು ರೇಣುಕಾ. "ನಮ್ಮವ್ವಗ ಹೇಳ್ರಿ."

ಅಲ್ಲಿಂದ ಯಾವಗಲ್ಲಿಗೆ ಹೋದೆ. ಗಂಗವ್ವ ಅಂಗಳದಲ್ಲಿ ಕೂತು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ನಾನು ನಿಂತೇ ಹೇಳಿದೆ. ಕೋಲಿನ ಭಾರ ತಲೆ ಕಡೆ ಇತ್ತು, ಮಗಳು ಬೇಡವೆಂದಳು, ಹಾರಿಸು ಎಂದವನು ನಾನು, ಆಮೇಲೆ ಹೇಳಿದ್ದು ಸುಳ್ಳು. ನಿನ್ನ ಮಗಳು ಮಾತು ಮೀರಲಿಲ್ಲ, ನನ್ನ ಮಾತು ಕೇಳಿದ್ದಕ್ಕೇ ಹಾಗಾಯಿತು ಎಂದೆ. ಅವಳು ಮೊರ ಕೆಳಗಿಟ್ಟಳು.

"ಆವತ್ತ ಮನಿಗೆ ಬಂದು ಅಕಿಗೆ ಹೊಡದ್ನಿರಿ ಮಾಸ್ತರ," ಎಂದಳು. "ಜಲ್ಮದಾಗ ಅದ ಒಂದ ಸಲ. ನೀವು ಸುಳ್ಳು ಹೇಳೂದಿಲ್ಲ ಅಂತ ಹೊಡದೆ. ಸುಮ್ಮನ ಹೊಡಿಸಿಕೊಂಡ್ಳು, ಬಾಯಿ ಬಿಡಲಿಲ್ಲ."

ಅವಳು ಒಳಗೆ ಹೋಗಿ ಒಂದು ಸಣ್ಣ ಮೊಬೈಲ್ ತಂದು ನನ್ನ ಕೈಗೆ ಕೊಟ್ಟಳು. "ನನಗ ಓದಾಕ ಬರೂದಿಲ್ರಿ. ಅಕಿಗೆ ಫೋನ್ ಹಚ್ಚಿ ಕೊಡ್ರಿ." ಹಚ್ಚಿ ಕೊಟ್ಟು ಅಂಗಳದ ಆಚೆ ಬಂದು ನಿಂತೆ. "ರೇಣಾ, ನಾನವ್ವ," ಎಂದದ್ದು ಕೇಳಿಸಿತು. ಮುಂದಿನದು ನನಗೆ ಸಂಬಂಧಿಸಿದ್ದಲ್ಲ ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಮೂವತ್ತೆರಡು ವರ್ಷ ಮಕ್ಕಳಿಗೆ ಒಂದು ಮಾತು ಕಲಿಸಿದೆ: ರಿಲೇ ಓಟದ್ದಾಗಲಿ, ಬ್ಯಾಂಡಿನದಾಗಲಿ, ಕೋಲು ಬಿದ್ದರೆ ಗಾಬರಿಯಾಗಬೇಡಿ, ನೀವೇ ಬಗ್ಗಿ ಎತ್ತಿಕೊಂಡು ಮುಂದೆ ನಡೆಯಿರಿ. ಮಕ್ಕಳು ಅದನ್ನು ಚೆನ್ನಾಗಿಯೇ ಕಲಿತರು. ನನ್ನ ಕೆಲಸ ನನಗೆ ಕಲಿಸಿದ್ದು ಬೇರೆ, ಅದೂ ಕೆಲಸ ಮುಗಿದ ಮೇಲೆ. ಒಂದು ಮಗುವಿನ ಕೈಯಿಂದ ಏನಾದರೂ ಬಿದ್ದಾಗ, ಅದನ್ನು ಆ ಕೈಗೆ ಕೊಟ್ಟವರು ಯಾರು ಎಂದು ಮೊದಲು ಕೇಳಬೇಕು. ಆ ಕೋಣೆಯಲ್ಲಿ ಅಂದು ಅದನ್ನು ಯಾರೂ ಕೇಳಲಿಲ್ಲ. ಕೇಳದೆಯೂ ಹೇಳಬೇಕಾದವನು ನಾನೊಬ್ಬನೇ ಇದ್ದೆ.